ಮಾತೆ ಕಸ್ತೂರಬಾ

ಮಹಾಪುರುಷರ ಚರಿತ್ರೆಗಳಲ್ಲಿ ಅವರ ಸಹಧರ್ಮಿಣಿಯರಿಗೆ ದೊರೆಯುವ ಸ್ಥಳ ಬಹು ಸ್ವಲ್ಪ. ಪತಿಯ ನೆರಳಿನಂತೆ ಬಾಳಿದರೆಂದು ಒಂದು ವಾಕ್ಯ ಬರೆದು ಚರಿತ್ರಕಾರನು ಮುಂದೆ ಸಾಗುತ್ತಾನೆ. ಕಸ್ತೂರಬಾ ಗಾಂಧಿಯವರಿಗೆ ಈ ಮಾತು ಸಲ್ಲದು. ಆಕೆ ಗಾಂಧೀಜಿಯ ಎಷ್ಟೋ ವ್ರತಗಳನ್ನು ಮೊದಲು ಪ್ರತಿಭಟಿಸಿ, ತಮ್ಮ ಮನಸ್ಸು ಒಪ್ಪಿದ ಮೇಲೆ ಅವನ್ನು ಕಡೆಯವರೆಗೂ ಪಾಲಿಸಿದವರು.

1869ರ ಏಪ್ರಿಲ್ 11ರಂದು ಪೋರಬಂದರಿನ ವರ್ತಕ ಗೋಕುಲದಾಸ ಮಾಕನಜಿಯವರ ಮನೆಯಲ್ಲಿ ಕಸ್ತೂರಬಾ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ, ತಮಗಿಂತ ಕೆಲವು ತಿಂಗಳು ಚಿಕ್ಕವರಾದ ಮೋಹನದಾಸರ ಕೈಹಿಡಿದರು. ಆಗ ಆಕೆಗೆ ಅಕ್ಷರಜ್ಞಾನವಿರಲಿಲ್ಲ. ತನ್ನ ಅಪ್ಪಣೆಯಿಲ್ಲದೆ ಹೊರಗೆ ಕಾಲಿಡಕೂಡದೆಂದು ಬಾಲಪತಿಯು ಕಟ್ಟುಮಾಡಿದಾಗ, ಆಕೆ ತಮಗೆ ಬೇಕೆನಿಸಿದಾಗಲೆಲ್ಲ ದೇವಸ್ಥಾನಕ್ಕೆ ಹೋಗಿಬರುತ್ತಿದ್ದರು. ಮೊದಲ ಶಿಶು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡಿತು. ಮುಂದೆ ಹರಿಲಾಲ್, ಮಣಿಲಾಲ್, ರಾಮದಾಸ್, ದೇವದಾಸ್ ಎಂಬ ನಾಲ್ವರು ಪುತ್ರರಾದರು.

ಡರ್ಬನ್ನಿನಲ್ಲಿ ಸಂಸಾರ ಹೂಡಿದ್ದಾಗ, ಪಂಚಮ ಕುಲದಲ್ಲಿ ಹುಟ್ಟಿದ ಗುಮಾಸ್ತನೊಬ್ಬನ ಮೂತ್ರಪಾತ್ರೆಯನ್ನು ಶುಚಿಮಾಡುವ ಕೆಲಸ ಆಕೆಯ ಪಾಲಿಗೆ ಬಂದಿತು. ಆಕೆ ಕಣ್ಣೀರಿಡುತ್ತ ಅದನ್ನು ಮಾಡಿದರು. ಸಂತೋಷದಿಂದಲೇ ಮಾಡಬೇಕೆಂದು ಹಟಹಿಡಿದ ಗಾಂಧೀಜಿ ಕೋಪದಿಂದ ಆಕೆಯನ್ನು ಬಾಗಿಲವರೆಗೆ ಎಳೆದೊಯ್ದರು. ಬಂಧುಗಳಿಲ್ಲದ ಪರದೇಶದಲ್ಲಿ ತಾನು ಹೋಗುವುದಾದರೂ ಎಲ್ಲಿಗೆಂದು ಆಕೆ ಕೇಳಿದಾಗ ತಲೆತಗ್ಗಿಸಿದವರು ಗಾಂಧೀಜಿಯೇ.

1913ರಲ್ಲಿ ಕೇಪ್ ಪ್ರಾಂತದ ನ್ಯಾಯಾಲಯವು, ಕ್ರೈಸ್ತವಿಧಿಯಿಂದ ನಡೆಯದ ವಿವಾಹಗಳಿಗೆ ಮಾನ್ಯತೆಯಿಲ್ಲವೆಂಬರ್ಥದ ತೀರ್ಪನ್ನು ಕೊಟ್ಟಿತು. ಮೂವತ್ತು ವರ್ಷ ಸಂಸಾರ ನಡೆಸಿದ ಗೃಹಿಣಿಯರು ಕಾನೂನಿನ ಕಣ್ಣಿನಲ್ಲಿ ಪತ್ನಿಯರೇ ಅಲ್ಲವೆಂದಾಯಿತು. ಫೀನಿಕ್ಸ್ ಆಶ್ರಮದ ಇತರ ಸ್ತ್ರೀಯರೊಡನೆ ಸತ್ಯಾಗ್ರಹದ ಮಾತಾಡುತ್ತಿದ್ದ ಗಾಂಧೀಜಿ, ದಾಕ್ಷಿಣ್ಯಕ್ಕೆ ಒಪ್ಪಿಯಾಳೆಂಬ ಶಂಕೆಯಿಂದ ಪತ್ನಿಯನ್ನು ಕೇಳಿರಲಿಲ್ಲ. ಇದು ಕಿವಿಗೆ ಬಿದ್ದಾಗ ಆಕೆ ಆಕ್ಷೇಪಿಸಿ ತಾವಾಗಿಯೇ ಮುಂದೆ ಬಂದರು. ಹದಿನಾರು ಜನರ ಮೊದಲ ತಂಡದೊಡನೆ ಟ್ರಾನ್ಸ್‌ವಾಲಿನ ಗಡಿಯನ್ನು ದಾಟಿ, ಮೂರು ತಿಂಗಳ ಕಠಿಣಶಿಕ್ಷೆಯನ್ನು ಅನುಭವಿಸಿದರು. ಬಿಡುಗಡೆಯಾದಾಗ ಆಕೆಯ ದೇಹದಲ್ಲಿ ಎಲುಬು ಚರ್ಮ ಮಾತ್ರ ಉಳಿದಿದ್ದವು.

1915ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆ ಅಹಮದಾಬಾದಿನ ಆಶ್ರಮಕ್ಕೆ ಹರಿಜನ ಕುಟುಂಬವೊಂದು ಬಂದಿತು. ಆಕೆಯ ಸಂಪ್ರದಾಯಬದ್ಧ ಮನಸ್ಸು ಸುಲಭವಾಗಿ ಒಪ್ಪಲಿಲ್ಲ. ಆದರೆ ಆ ಕುಟುಂಬದ ಬಾಲಕಿ ಲಕ್ಷ್ಮಿ ಮುಂದೆ ಅವರ ಮಗಳಾಗಿಯೇ ಬೆಳೆದಳು. ಆಶ್ರಮವಾಸಿಗಳಿಗೆಲ್ಲ ಆಕೆ ‘ಬಾ’, ಅಂದರೆ ತಾಯಿ.

ಆದರೆ ಹೆತ್ತ ಹಿರಿಯ ಮಗನೇ ದೂರವಾದನು. ತಂದೆಯೊಡನೆ ಮುನಿದ ಹರಿಲಾಲ್ ಕುಡಿತಕ್ಕೆ ಬಿದ್ದು ಅಲೆಮಾರಿಯಾದನು. ಒಮ್ಮೆ ದಂಪತಿಗಳಿದ್ದ ರೈಲು ಕಟ್ನಿಯಲ್ಲಿ ನಿಂತಾಗ, ಜನಸಂದಣಿಯಿಂದ ಮಾತೆ ಕಸ್ತೂರಬಾಗೆ ಜಯಘೋಷವೊಂದು ಕೇಳಿಬಂದಿತು. ಕೂಗಿದವನು ಹರಿಲಾಲ್. ಚಿಂದಿಯುಟ್ಟಿದ್ದ ಅವನು ಜೇಬಿನಿಂದ ಒಂದು ಕಿತ್ತಳೆಯನ್ನು ತೆಗೆದು, ಇದು ತಾಯಿಗೆ ಮಾತ್ರವೆಂದು ಕೊಟ್ಟನು. ತಮ್ಮೊಡನೆ ಬರುವಂತೆ ತಾಯಿ ಬೇಡಿಕೊಂಡರೂ ಅವನು ಬರಲಿಲ್ಲ. ರೈಲು ಹೊರಟಾಗ, ಮಗನಿಗೆ ತಿನ್ನಲು ಏನನ್ನೂ ಕೊಡಲಿಲ್ಲವೆಂಬ ನೆನಪು ಆಕೆಗೆ ಬಂದಿತು. ಬುಟ್ಟಿಯಿಂದ ಹಣ್ಣು ತೆಗೆಯುವಷ್ಟರಲ್ಲಿ ಗಾಡಿ ನಿಲ್ದಾಣವನ್ನು ದಾಟಿತ್ತು. ರಾಷ್ಟ್ರವೆಲ್ಲ ಮಾತೆಯೆಂದು ಪೂಜಿಸಿದ ಈಕೆಯ ಮಾತೃಹೃದಯದ ಗಾಯವನ್ನು ಯಾವ ಜಯಘೋಷವೂ ಮಾಯಿಸಲಿಲ್ಲ.

1942ರ ಆಗಸ್ಟ್ 9ರಂದು ಗಾಂಧೀಜಿ ಬಂಧಿತರಾದರು. ಅವರು ಮಾತನಾಡಬೇಕಾಗಿದ್ದ ಶಿವಾಜಿ ಪಾರ್ಕಿನ ಸಭೆಯಲ್ಲಿ ತಾವು ಭಾಷಣ ಮಾಡುವುದಾಗಿ ಹೊರಟ ಬಾ ಕೂಡ ಅಂದೇ ಸೆರೆಯಾದರು. ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿ ಎಪ್ಪತ್ತು ದಾಟಿದ ಈ ವಿದ್ಯಾರ್ಥಿನಿ ಪತಿಯ ಬಳಿ ಗುಜರಾತಿ ಓದನ್ನೂ ಭೂಗೋಳವನ್ನೂ ಕಲಿಯಲು ಕುಳಿತರು. ಕೊನೆಯ ದಿನಗಳಲ್ಲಿ ಹರಿಲಾಲ್ ಬಂದನು. ಪಾನಮತ್ತನಾಗಿದ್ದ ಮಗನನ್ನು ಕಂಡು ತಾಯಿ ಹಣೆ ಚಚ್ಚಿಕೊಂಡರು. 1944ರ ಫೆಬ್ರವರಿ 22, ಮಹಾಶಿವರಾತ್ರಿಯ ಸಂಜೆ, ಪತಿಯ ತೊಡೆಯ ಮೇಲೆ ತಲೆಯಿಟ್ಟು ಬಾ ಕಣ್ಮುಚ್ಚಿದರು. ಗಾಂಧೀಜಿ ನೂತ ನೂಲಿನ ಸೀರೆಯನ್ನೇ ಆಕೆಗೆ ಹೊದಿಸಿದರು. ದೇವದಾಸರು ಚಿತೆಗೆ ಅಗ್ನಿಸ್ಪರ್ಶ ಮಾಡಿದರು.

ಆಕೆಯ ಸ್ಮರಣಾರ್ಥ ಜನರು ಕೊಟ್ಟ ನಿಧಿ ಒಂದು ಕೋಟಿ ರೂಪಾಯಿಯನ್ನು ಮೀರಿತು. ಅದನ್ನು ಹಳ್ಳಿಯ ಹೆಂಗಸರ ಮತ್ತು ಮಕ್ಕಳ ಸೇವೆಗೇ ಮೀಸಲಿಡಲಾಯಿತು. ಅದರಿಂದ ಹುಟ್ಟಿದ ಕಸ್ತೂರಬಾ ಟ್ರಸ್ಟಿನ ಶಾಖೆ ನಮ್ಮ ಅರಸೀಕೆರೆಯಲ್ಲಿಯೂ ನೆಲೆಗೊಂಡಿತು. ಶಾಲೆಯ ಮೆಟ್ಟಿಲನ್ನೇ ಹತ್ತದ ಆಕೆಯ ಹೆಸರಿನಲ್ಲಿ ಎಷ್ಟೋ ಹಳ್ಳಿಯ ಹೆಣ್ಣುಮಕ್ಕಳು ವಿದ್ಯೆ ಕಲಿತರು.