ಕಸಬರಿಗೆ ಹಿಡಿಯದ ಕೊನೆಯ ಮಗಳು

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮನೆಗಳಲ್ಲಿ ಈ ನೋಟ ನಿಮಗೆ ಹೊಸದಲ್ಲ. ಅವ್ವ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಿರುವಾಗ ನಾಲ್ಕೈದು ವರ್ಷದ ಮಗು ಬಂದು ತನಗೂ ಹಿಟ್ಟು ಬೇಕೆಂದು ಹಟ ಹಿಡಿಯುತ್ತದೆ. ಕೆಲವು ತಾಯಂದಿರು ಒಂದು ಚಿಕ್ಕ ಉಂಡೆ ಕೊಟ್ಟು ಪಕ್ಕದಲ್ಲಿ ಕೂಡಿಸಿಕೊಳ್ಳುತ್ತಾರೆ. ಕೆಲವರು ಹಿಟ್ಟು ಹಾಳಾಗುತ್ತದೆಂದು ಆಚೆ ಕಳುಹಿಸುತ್ತಾರೆ. ಬೈದಲ್ಲ, ಮುದ್ದು ಮಾಡಿಯೇ ಹೀಗೆ ಆಚೆ ಇರಿಸಲಾದ ಒಬ್ಬ ಹುಡುಗಿಯ ಕಥೆಯನ್ನು ಇಂದು ಹೇಳುತ್ತೇನೆ. ಶಿಲುಬೆಯನ್ನೂ ಗುಲಾಬಿಗಳನ್ನೂ ಎದೆಗೊತ್ತಿಕೊಂಡು ನಿಂತ ಆಕೆಯ ಚಿತ್ರ ನಿಮ್ಮಲ್ಲಿ ಅನೇಕರ ಮನೆಯ ಗೋಡೆಯ ಮೇಲಿದೆ. ಬಾಲಯೇಸುವಿನ ಸಂತ ತೆರೇಸಮ್ಮ.

ತೆರೇಸಾ ಹುಟ್ಟಿದ್ದು 1873ರ ಜನವರಿ 2ರಂದು, ಫ್ರಾನ್ಸಿನ ಅಲನ್ಸೋನ್ ಪಟ್ಟಣದಲ್ಲಿ. ತಂದೆ ಲೂಯಿ ಮಾರ್ಟಿನ್ ಗಡಿಯಾರದ ಕಸುಬಿನವರು. ತಾಯಿ ಜೆಲಿ ಲೇಸು ಹೆಣೆಯುವ ಉದ್ಯೋಗ ನಡೆಸಿ ಹಲವು ಹೆಂಗಸರಿಗೆ ಕೆಲಸ ಕೊಟ್ಟಿದ್ದಾಕೆ. ಒಂಬತ್ತು ಮಕ್ಕಳಲ್ಲಿ ನಾಲ್ವರು ಎಳೆತನದಲ್ಲೇ ತೀರಿಕೊಂಡರು. ಉಳಿದವರು ಐದು ಹೆಣ್ಣುಮಕ್ಕಳು. ಅವರಲ್ಲಿ ಕಡೆಯವಳು ತೆರೇಸಾ. ನಾಲ್ಕೂವರೆ ವರ್ಷದವಳಿದ್ದಾಗ, 1877ರ ಆಗಸ್ಟಿನಲ್ಲಿ, ತಾಯಿ ಎದೆಯ ಕ್ಯಾನ್ಸರಿನಿಂದ ಸತ್ತರು. ಮನೆಯವರೆಲ್ಲ ಲಿಸ್ಯೂ ಪಟ್ಟಣಕ್ಕೆ ಬಂದು ನೆಲೆಸಿದರು. ತಾಯಿಯಿಲ್ಲದ ಮಗುವೆಂದು ಅಕ್ಕಂದಿರು ಆಕೆಯನ್ನು ಅಂಗೈಯಲ್ಲಿಟ್ಟು ಸಾಕಿದರು. ತಂದೆಗಂತೂ ಆಕೆ ಮನೆಯ ರಾಣಿ.

ಇದರ ಫಲ ಏನಾಯಿತು ನೋಡಿ. ಹದಿಮೂರು ವರ್ಷ ದಾಟಿದರೂ ತೆರೇಸಾ ಮನೆಗೆಲಸ ಮುಟ್ಟಿದವಳಲ್ಲ. ಇಬ್ಬರೂ ಮಲಗುವ ಕೋಣೆಯನ್ನು ಓರಣ ಮಾಡುತ್ತಿದ್ದವಳು ಅಕ್ಕ ಸೆಲಿನ್. ಹಿರಿಯಕ್ಕ ಮರಿಯಾ ಕೂಡ 1886ರ ಅಕ್ಟೋಬರಿನಲ್ಲಿ ಕಾರ್ಮೆಲ್ ಮಠ ಸೇರಿದ ಮೇಲೆ ಆಕೆ ಆಗೊಮ್ಮೆ ಈಗೊಮ್ಮೆ ಹಾಸಿಗೆ ಸರಿಪಡಿಸುವುದು, ಸೆಲಿನ್ ಮನೆಯಲ್ಲಿಲ್ಲದ ಸಂಜೆ ಹೂವಿನ ಕುಂಡಗಳನ್ನು ಒಳಗೆ ತರುವುದು ಮಾಡತೊಡಗಿದಳು. ದೇವರನ್ನು ಮೆಚ್ಚಿಸಲೆಂದೇ ಮಾಡಿದ ಕೆಲಸ. ಆದರೆ ಸೆಲಿನ್ ಬಂದು ಅಚ್ಚರಿಪಡದಿದ್ದರೆ, ಸಂತೋಷ ತೋರದಿದ್ದರೆ, ತೆರೇಸಾಗೆ ಅಳು. ಅತ್ತದ್ದಕ್ಕೆ ಮತ್ತೆ ಅಳು. ಇದನ್ನೆಲ್ಲ ಬೇರೆ ಯಾರೋ ಹೇಳಿದ್ದಲ್ಲ; ಮುಂದೆ ತೆರೇಸಮ್ಮನವರೇ ತಮ್ಮ ಆತ್ಮಕಥೆಯಲ್ಲಿ ನಾಚಿಕೆಯಿಲ್ಲದೆ ಬರೆದಿಟ್ಟಿದ್ದಾರೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಆ ಹುಡುಗಿಯಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ, ಪ್ರೀತಿಗೂ ಇರಲಿಲ್ಲ. ಕೈಗೆ ರೂಢಿ ಇರಲಿಲ್ಲ, ಅಷ್ಟೇ. ವೀಣೆ ನುಡಿಸುತ್ತ ವೈಣಿಕನಾಗುವಂತೆ ಒಳ್ಳೆಯದನ್ನು ಮಾಡುತ್ತ ಒಳ್ಳೆಯವರಾಗುತ್ತೇವೆಂಬುದು ಅರಿಸ್ಟಾಟಲನ ವಿಚಾರ. ದಿನವೂ ಮಾಡುವ ಕೆಲಸಕ್ಕೆ ಯಾರೂ ಚಪ್ಪಾಳೆ ಬೇಡುವುದಿಲ್ಲ; ವರ್ಷಕ್ಕೊಮ್ಮೆ ಮಾಡಿದ್ದಕ್ಕೇ ಹೊಗಳಿಕೆ ಬೇಕಾಗುತ್ತದೆ. ತಂದೆತಾಯಿ ಇಬ್ಬರಿಗೂ ಧರ್ಮಸಭೆ 2015ರಲ್ಲಿ ಸಂತ ಪದವಿ ನೀಡಿತು. ಅಂಥ ಮನೆಯಲ್ಲೂ ಹೀಗಾಯಿತು!

ಆದರೆ ನಮ್ಮ ಕಡೆ ಇನ್ನೊಂದು ತೊಂದರೆಯಿದೆ, ಅದನ್ನೂ ಹೇಳಿಬಿಡುತ್ತೇನೆ. ಹಿರಿಮಗಳು ನೀರು ತರಬೇಕು, ತಮ್ಮನನ್ನು ಎತ್ತಿಕೊಳ್ಳಬೇಕು, ತೊಗರಿ ರಾಶಿಯ ಕಾಲಕ್ಕೆ ಶಾಲೆಯನ್ನೂ ಬಿಡಬೇಕು. ಮಗ ಮಾತ್ರ ಉಂಡ ತಾಟನ್ನು ಎತ್ತಿಡುವುದಿಲ್ಲ. ಇದು ಮಕ್ಕಳಿಗೆ ಕೆಲಸ ಕಲಿಸುವುದಲ್ಲ, ಒಬ್ಬಳ ಬೆನ್ನಿನ ಮೇಲೆ ಮನೆ ಕಟ್ಟುವುದು. ನಜರೇತಿನ ಮನೆಯ ಮಗ ಬಡಗಿ ಎನಿಸಿಕೊಂಡವನು ಎಂಬುದನ್ನು ಗಂಡುಮಕ್ಕಳ ತಾಯಂದಿರು ಮರೆಯಬಾರದು. ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರ ನಾಡಿನವರಿಗೆ ದುಡಿಮೆ ಬೇರೆ, ದಾಸೋಹ ಬೇರೆ ಅಲ್ಲವೆಂದು ನಾನು ಹೇಳಬೇಕೇ?

ಮತ್ತೆ ಕಥೆಗೆ ಬರೋಣ. ಅದೇ 1886ರ ಕ್ರಿಸ್ಮಸ್. ನಡುರಾತ್ರಿಯ ಪೂಜೆ ಮುಗಿಸಿ ಬಂದಾಗ ಒಲೆಯ ಬಳಿ ತೆರೇಸಾಳ ಬೂಟಿನಲ್ಲಿ ಉಡುಗೊರೆಗಳಿದ್ದವು; ಅದು ಚಿಕ್ಕ ಮಕ್ಕಳಿಗೆಂದು ಇದ್ದ ಪದ್ಧತಿ. ದಣಿದಿದ್ದ ತಂದೆ ಸದ್ಯ ಇದೇ ಕಡೆಯ ವರ್ಷವಲ್ಲ ಎಂದು ಬೇಸರದಿಂದ ಅಂದದ್ದು ಮೆಟ್ಟಿಲೇರುತ್ತಿದ್ದ ಮಗಳ ಕಿವಿಗೆ ಬಿತ್ತು. ಎಂದಿನಂತಾಗಿದ್ದರೆ ಆ ರಾತ್ರಿಯೆಲ್ಲ ಅಳು. ಅಂದು ಆಕೆ ಕಣ್ಣೀರು ನುಂಗಿ, ಕೆಳಗಿಳಿದು ಬಂದು, ನಗುನಗುತ್ತ ಒಂದೊಂದೇ ಉಡುಗೊರೆ ತೆಗೆದು ತಂದೆಯನ್ನು ನಗಿಸಿದಳು. ತನ್ನನ್ನು ಮರೆತು ಇತರರ ಸಂತೋಷ ನೋಡುವ ಶಕ್ತಿಯನ್ನು ದೇವರು ಆ ರಾತ್ರಿ ಕೊಟ್ಟರೆಂದು ಆಕೆ ಕಡೆಯವರೆಗೂ ನಂಬಿದ್ದಳು.

ಆದರೆ ವರಪ್ರಸಾದ ಮನಸ್ಸನ್ನು ತಿದ್ದಿತೇ ಹೊರತು ಕಸಗುಡಿಸುವುದನ್ನು ಕಲಿಸಲಿಲ್ಲ! 1888ರ ಏಪ್ರಿಲ್ 9ರಂದು, ಹದಿನೈದನೆಯ ವಯಸ್ಸಿನಲ್ಲಿ, ತೆರೇಸಾ ಕಾರ್ಮೆಲ್ ಮಠ ಸೇರಿದಳು. ಅಲ್ಲಿ ಗುಡಿಸುವುದು, ಒಗೆಯುವುದು, ಊಟದ ಕೋಣೆಯ ಕೆಲಸ ಎಲ್ಲರ ಪಾಲಿಗೂ ಬರುತ್ತಿತ್ತು. ಈಕೆ ನಿಧಾನ. ಒಮ್ಮೆ ಜೇಡರ ಬಲೆ ಉಳಿದದ್ದನ್ನು ಕಂಡ ಮಠದ ಮುಖ್ಯಸ್ಥೆ, ಗುಡಿಸುವವಳು ಹದಿನೈದರ ಹುಡುಗಿಯೆಂದು ನೋಡಿದರೇ ತಿಳಿಯುತ್ತದೆ ಎಂದು ಎಲ್ಲರ ಮುಂದೆ ಗದರಿಸಿದರು. ನಾಲ್ಕರ ವಯಸ್ಸಿನಲ್ಲಿ ಆಟದಂತೆ ಬರಬೇಕಾದದ್ದನ್ನು ಆಕೆ ಅವಮಾನ ನುಂಗಿ ಕಲಿಯಬೇಕಾಯಿತು. ಕಲಿತರು. ಬಟ್ಟೆ ಒಗೆಯುವಾಗ ಎದುರಿನ ಸೋದರಿ ಕೊಳೆನೀರು ಮುಖಕ್ಕೆ ಸಿಡಿಸಿದರೂ ಸರಿದು ನಿಲ್ಲಲಿಲ್ಲ.

1897ರ ಸೆಪ್ಟೆಂಬರ್ 30ರಂದು ಕ್ಷಯರೋಗದಿಂದ ಸಾಯುವಾಗ ತೆರೇಸಮ್ಮನವರಿಗೆ 24 ವರ್ಷ. 1925ರಲ್ಲಿ ಸಂತ ಪದವಿ ದೊರೆಯಿತು. 1997ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಅವರನ್ನು ಧರ್ಮಪಂಡಿತೆ ಎಂದು ಸಾರಿದರು.

ಮಠದಲ್ಲಿ ಸಂತ ಪೀಟರ್ ಹೆಸರಿನ ಒಬ್ಬ ವೃದ್ಧ ಸೋದರಿ ಇದ್ದರು. ಕಾಯಿಲೆಯವರು, ಸಿಡುಕಿನವರು. ಪ್ರತಿ ಸಂಜೆ ಅವರನ್ನು ಕೈಹಿಡಿದು ಊಟದ ಕೋಣೆಗೆ ಕರೆದೊಯ್ಯಲು ತೆರೇಸಾ ತಾವಾಗಿಯೇ ಒಪ್ಪಿಕೊಂಡಿದ್ದರು. ಬೇಗ ನಡೆದರೂ ತಪ್ಪು, ನಿಧಾನವಾದರೂ ತಪ್ಪು. ಕೂಡಿಸಿ, ತೋಳಿನ ಬಟ್ಟೆ ಸರಿಪಡಿಸಿದರೆ ಅಲ್ಲಿಗೆ ಒಪ್ಪಿಕೊಂಡ ಕೆಲಸ ಮುಗಿಯಿತು. ಕೆಲವು ದಿನಗಳಲ್ಲೇ ತೆರೇಸಾ ಒಂದನ್ನು ಗಮನಿಸಿದರು: ಆ ಮುದುಕಿಗೆ ರೊಟ್ಟಿ ಕತ್ತರಿಸಿಕೊಳ್ಳಲು ಕಷ್ಟವಾಗುತ್ತಿತ್ತು. ಅಂದಿನಿಂದ ಅದನ್ನೂ ಕತ್ತರಿಸಿಕೊಟ್ಟು, ಒಮ್ಮೆ ನಕ್ಕು, ಆಮೇಲೆ ಹೋಗುತ್ತಿದ್ದರು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ.