ಜೋಡಿದೋಣಿಯ ಶಿಲ್ಪಿ ಹೆರೆಷಾಫ್

ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ಬ್ರಿಸ್ಟಲ್ ಎಂಬ ಬಂದರು ಪಟ್ಟಣವಿದೆ. ಅಲ್ಲಿ 1848ರ ಮಾರ್ಚ್ 18ರಂದು ನತಾನಿಯಲ್ ಹೆರೆಷಾಫ್ ಜನಿಸಿದರು. ಅವರ ಅಣ್ಣ ಜಾನ್ ಎಳೆಯ ವಯಸ್ಸಿನಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು. ಆದರೂ ದೋಣಿಯ ಮಾದರಿಯನ್ನು ಕೈಯಿಂದ ಸವರಿಯೇ ಅದರ ಗುಣದೋಷಗಳನ್ನು ಅರಿಯಬಲ್ಲವರಾಗಿದ್ದರು. ಈ ಸೋದರರು 1878ರಲ್ಲಿ ದೋಣಿ ಕಟ್ಟುವ ಕಾರ್ಖಾನೆಯನ್ನು ಸ್ಥಾಪಿಸಿದರು.

ಅದಕ್ಕೆ ಎರಡು ವರ್ಷ ಮೊದಲೇ ನತಾನಿಯಲರು ಒಂದು ವಿಚಿತ್ರ ನೌಕೆಯನ್ನು ನಿರ್ಮಿಸಿದ್ದರು. ಎರಡು ಕಿರಿದಾದ ದೋಣಿಗಳನ್ನು ಅಡ್ಡದೂಲಗಳಿಂದ ಜೋಡಿಸಿ, ನಡುವೆ ಹಾಯಿಯನ್ನು ನಿಲ್ಲಿಸಿದ್ದರು. ಅಗಲವೇ ಅದನ್ನು ಮಗುಚದಂತೆ ಕಾಯುತ್ತಿದ್ದುದರಿಂದ ತಳದಲ್ಲಿ ಸೀಸದ ಭಾರ ಬೇಕಿರಲಿಲ್ಲ. ಇಂತಹ ನೌಕೆಗೆ ಕ್ಯಾಟಮರಾನ್ ಎಂದು ಹೆಸರು. ತಮಿಳಿನ ಕಟ್ಟುಮರಂ ಎಂಬುದೇ ಇದರ ಮೂಲ. ಆ ಕಟ್ಟುಮರವಾದರೋ ದಿಮ್ಮಿಗಳನ್ನು ಬಿಗಿದು ಕಟ್ಟಿದ ತೆಪ್ಪ.

1876ರ ಜೂನ್ ತಿಂಗಳಿನಲ್ಲಿ, ಅಮೆರಿಕದ ಸ್ವಾತಂತ್ರ್ಯದ ಶತಮಾನೋತ್ಸವದ ಅಂಗವಾಗಿ ನ್ಯೂಯಾರ್ಕಿನಲ್ಲಿ ನಡೆದ ಪಂದ್ಯದಲ್ಲಿ ಅವರ ಅಮರಿಲಿಸ್ ಉಳಿದ ನೌಕೆಗಳನ್ನೆಲ್ಲ ಹಿಂದಿಕ್ಕಿತು. ಸೋತವರು ಆಕ್ಷೇಪವೆತ್ತಿದರು. ಜೋಡಿದೋಣಿಗಳನ್ನು ಸಾಮಾನ್ಯ ಪಂದ್ಯಗಳಿಂದ ದೂರವಿರಿಸಲಾಯಿತು. 1877ರಲ್ಲಿ ಹೆರೆಷಾಫರಿಗೆ ಹಕ್ಕುಪತ್ರವೇನೋ ದೊರೆಯಿತು. ಆದರೆ ಸರಿಸಾಟಿಯಿಲ್ಲದ ನೌಕೆಯನ್ನು ಕೊಂಡು ಯಾರೊಡನೆ ಸ್ಪರ್ಧಿಸುವುದು?

ಮುಂದೆ ಅವರಿಗೆ ಕೀರ್ತಿ ತಂದವು ಬೃಹತ್ ಹಾಯಿನೌಕೆಗಳು. 1893ರಿಂದ 1920ರವರೆಗೆ ಅವರ ಐದು ನೌಕೆಗಳು ಆರು ಬಾರಿ ಅಮೆರಿಕಾಸ್ ಕಪ್ಪನ್ನು ಉಳಿಸಿಕೊಟ್ಟವು. ಅಂತಹ ನೌಕೆಗಳ ಆಯುಷ್ಯ ಅಲ್ಪ. 1903ರಲ್ಲಿ ಗೆದ್ದ ರಿಲಯನ್ಸನ್ನು 1913ರಲ್ಲಿ ಒಡೆದುಹಾಕಲಾಯಿತು. ಆದರೆ ಇದೇ ಶಿಲ್ಪಿ 1905ರಲ್ಲಿ ನ್ಯೂಯಾರ್ಕಿನ ಸಂಘವೊಂದಕ್ಕೆ ಒಂದೇ ಅಚ್ಚಿನ 18 ನೌಕೆಗಳನ್ನು ಕಟ್ಟಿಕೊಟ್ಟರು. 1914ರಲ್ಲಿ ಮಕ್ಕಳಿಗೆಂದು ಹನ್ನೆರಡೂವರೆ ಎಂಬ ಪುಟ್ಟ ದೋಣಿಯನ್ನು ರೂಪಿಸಿದರು. ನೀರಿನ ಮಟ್ಟದಲ್ಲಿ ಅದರ ಉದ್ದ ಅಷ್ಟೇ ಅಡಿ. ಎಲ್ಲರದೂ ಒಂದೇ ಬಗೆಯ ದೋಣಿಯಾದಾಗ ಹಣವುಳ್ಳವನು ವೇಗವನ್ನು ಕೊಳ್ಳಲಾರ. ಹಳೆಯ ದೋಣಿಯೂ ಹೊಸದಕ್ಕೆ ಸಾಟಿಯಾಗಿಯೇ ಉಳಿಯುತ್ತದೆ. ಹನ್ನೆರಡೂವರೆಗಳು ಇಂದಿಗೂ ಸ್ಪರ್ಧಿಸುತ್ತಿರುವುದರ ಗುಟ್ಟು ಇದೇ. ಈ ಉಪಾಯವನ್ನು ಜೋಡಿದೋಣಿಗೆ ಅನ್ವಯಿಸುವ ಕಾಲ ಮಾತ್ರ ಅವರ ಜೀವಿತದಲ್ಲಿ ಬರಲಿಲ್ಲ.

1938ರ ಜೂನ್ 2ರಂದು, ತೊಂಬತ್ತರ ವಯಸ್ಸಿನಲ್ಲಿ, ಹೆರೆಷಾಫ್ ಬ್ರಿಸ್ಟಲಿನಲ್ಲಿಯೇ ನಿಧನರಾದರು. 1967ರಲ್ಲಿ ಇಂಗ್ಲೆಂಡಿನಲ್ಲಿ ಟಾರ್ನೇಡೋ ಎಂಬ ಏಕರೂಪದ ಜೋಡಿದೋಣಿ ರೂಪುಗೊಂಡಿತು. 1976ರಲ್ಲಿ, ಅಮರಿಲಿಸ್ ಗೆದ್ದ ನೂರನೆಯ ವರ್ಷ, ಅದು ಮಾಂಟ್ರಿಯಲ್ ಒಲಿಂಪಿಕ್ ಕೂಟವನ್ನು ಪ್ರವೇಶಿಸಿತು. ಮುಂದೆ ಆ ಪಂಗಡದವರು ಹೆಚ್ಚಿನ ಹಾಯಿಯೊಂದನ್ನು ಒಟ್ಟಾಗಿ ಒಪ್ಪಿಕೊಂಡರು; ಹೀಗೆ ಬದಲಾದರೂ ಸಮಾನತೆ ಕೆಡಲಿಲ್ಲ. 2008ರ ನಂತರ ಒಲಿಂಪಿಕ್ ಕೂಟದಿಂದ ಹೊರಬಿದ್ದರೂ ಟಾರ್ನೇಡೋ ದೋಣಿಗಳು ತಮ್ಮದೇ ಪಂದ್ಯಗಳಲ್ಲಿ ಓಡುತ್ತಿವೆ.