ವಿದುಷಿ ಮರಿಯಾ ಗೋಪರ್ಟ್ ಮೇಯರ್

ಭೌತಶಾಸ್ತ್ರದಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಸ್ತ್ರೀಯರಲ್ಲಿ ಮೊದಲನೆಯವರು ಮೇರಿ ಕ್ಯೂರಿ. ಅವರಿಗೆ ಆ ಗೌರವವು ದೊರೆತುದು 1903ರಲ್ಲಿ. ಎರಡನೆಯವರು ಮರಿಯಾ ಗೋಪರ್ಟ್ ಮೇಯರ್. ಇವರ ಸರದಿ ಬರುವುದಕ್ಕೆ 60 ವರ್ಷಗಳು ಕಳೆಯಬೇಕಾಯಿತು.

ಇವರು 1906ನೆಯ ಇಸವಿ ಜೂನ್ 28ರಲ್ಲಿ, ಆಗ ಜರ್ಮನಿಗೆ ಸೇರಿದ್ದ ಕಟ್ಟೋವಿಟ್ಸ್ ಪಟ್ಟಣದಲ್ಲಿ ಜನಿಸಿದರು. ತಂದೆಯವರು ಮುಂದೆ ಗಾಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಶಿಶುವೈದ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಮಗಳು ಗೃಹಕೃತ್ಯವೊಂದರಲ್ಲಿಯೇ ನಿಲ್ಲಬಾರದೆಂಬುದು ಅವರ ಅಭಿಲಾಷೆ. ಬಾಲಕಿಯರನ್ನು ವಿಶ್ವವಿದ್ಯಾನಿಲಯದ ಪ್ರವೇಶಕ್ಕೆ ಸಿದ್ಧಗೊಳಿಸುತ್ತಿದ್ದ ಆ ಊರಿನ ಚಿಕ್ಕ ಶಾಲೆಯು ಹಣದ ಮುಗ್ಗಟ್ಟಿನಿಂದ ನಡುವೆಯೇ ಮುಚ್ಚಿಹೋಯಿತು. ಮರಿಯಾ ಎದೆಗುಂದದೆ ಒಂದು ವರ್ಷ ಮುಂಚಿತವಾಗಿಯೇ ಪರೀಕ್ಷೆಗೆ ಕುಳಿತು ತೇರ್ಗಡೆ ಹೊಂದಿದರು.

ಗಣಿತವನ್ನು ಕಲಿಯಲು ಹೊರಟ ಇವರನ್ನು ಕ್ವಾಂಟಮ್ ಸಿದ್ಧಾಂತದತ್ತ ಸೆಳೆದ ಗುರುಗಳು ಮ್ಯಾಕ್ಸ್ ಬಾರ್ನ್. 1935-36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದು ಕೆಲವು ತಿಂಗಳು ನೆಲೆಸಿದ್ದವರು ಇವರೇ. ಪರಮಾಣುವು ಬೆಳಕಿನ ಎರಡು ಕಣಗಳನ್ನು ಏಕಕಾಲದಲ್ಲಿ ಹೀರಿಕೊಳ್ಳಬಲ್ಲುದೆಂದು ಮರಿಯಾ 1930ರ ತಮ್ಮ ಪ್ರಬಂಧದಲ್ಲಿ ಗಣಿಸಿ ತೋರಿಸಿದರು. 1961ರಲ್ಲಿ ಲೇಸರ್ ಬೆಳಕಿನ ನೆರವಿನಿಂದ ಪ್ರಯೋಗವು ಅದನ್ನು ದೃಢಪಡಿಸಿತು.

1930ರಲ್ಲಿಯೇ ಅಮೆರಿಕದ ರಸಾಯನಶಾಸ್ತ್ರಜ್ಞ ಜೋಸೆಫ್ ಮೇಯರ್ ಅವರನ್ನು ವಿವಾಹವಾಗಿ ಬಾಲ್ಟಿಮೋರಿಗೆ ತೆರಳಿದರು. ಪತಿಯು ಅಧ್ಯಾಪಕನಾಗಿರುವಲ್ಲಿ ಪತ್ನಿಗೆ ಹುದ್ದೆ ಕೊಡಲಾಗದೆಂಬ ನಿಯಮವು ಅಡ್ಡಬಂದಿತು. ಬಾಲ್ಟಿಮೋರ್, ನ್ಯೂಯಾರ್ಕ್, ಶಿಕಾಗೋ ನಗರಗಳಲ್ಲಿ ಬಹುಕಾಲ ವೇತನವಿಲ್ಲದೆಯೋ ಅತ್ಯಲ್ಪ ವೇತನಕ್ಕೋ ದುಡಿದರು. ಇಬ್ಬರು ಮಕ್ಕಳನ್ನು ಸಾಕಿದರು. ಸಂಶೋಧನೆಯನ್ನು ಮಾತ್ರ ಬಿಡಲಿಲ್ಲ.

ಪರಮಾಣುವಿನ ಬೀಜದಲ್ಲಿ ಪ್ರೋಟಾನುಗಳಾಗಲಿ ನ್ಯೂಟ್ರಾನುಗಳಾಗಲಿ 2, 8, 20, 28, 50, 82 ಎಂಬ ಸಂಖ್ಯೆಯಲ್ಲಿದ್ದರೆ, ಅಥವಾ ನ್ಯೂಟ್ರಾನುಗಳು 126 ಇದ್ದರೆ, ಆ ಬೀಜವು ವಿಶೇಷವಾಗಿ ಸ್ಥಿರವಾಗಿರುವುದು. ಇದರ ಕಾರಣವು ಬಹುಕಾಲ ತಿಳಿಯದೆ ಇದ್ದಿತು. ಎನ್ರಿಕೋ ಫರ್ಮಿಯವರು ಕೇಳಿದ ಒಂದು ಪ್ರಶ್ನೆಯಿಂದ ಮರಿಯಾರಿಗೆ ಮಾರ್ಗವು ತೋರಿತು. ಕಣಗಳು ಪದರಪದರವಾದ ಕಕ್ಷೆಗಳಲ್ಲಿ ಸುತ್ತುತ್ತ ತಾವೂ ಬುಗುರಿಯಂತೆ ತಿರುಗುವುವು; ಈ ಎರಡು ಚಲನೆಗಳು ಒಂದೇ ದಿಕ್ಕಿನಲ್ಲಿದ್ದರೆ ಶಕ್ತಿಯೊಂದು, ಎದುರಾಗಿದ್ದರೆ ಮತ್ತೊಂದು. ಈ ವ್ಯತ್ಯಾಸದಿಂದಲೇ ಪದರಗಳು ಆ ಸಂಖ್ಯೆಗಳಲ್ಲಿ ತುಂಬುವುವೆಂದು 1949ರಲ್ಲಿ ತೋರಿಸಿಕೊಟ್ಟರು. ಜರ್ಮನಿಯ ಯೆನ್ಸನ್ ಅವರೂ ಸ್ವತಂತ್ರವಾಗಿ ಅದನ್ನೇ ಕಂಡಿದ್ದರು. ಸ್ಪರ್ಧೆಗೆಳಸದೆ ಇಬ್ಬರೂ ಕೂಡಿ 1955ರಲ್ಲಿ ಗ್ರಂಥವನ್ನು ಪ್ರಕಟಿಸಿದರು.

ಪೂರ್ಣ ವೇತನದ ಪ್ರಾಧ್ಯಾಪಕ ಪದವಿಯು 1960ರಲ್ಲಿ ಸ್ಯಾನ್ ಡಿಯಾಗೋದಲ್ಲಿ ದೊರೆತಾಗ ಇವರ ವಯಸ್ಸು 50ನ್ನು ದಾಟಿತ್ತು. ಅಲ್ಲಿಗೆ ಬಂದ ಸ್ವಲ್ಪ ಕಾಲದಲ್ಲಿಯೇ ಪಾರ್ಶ್ವವಾಯು ತಗಲಿತು. ಆದರೂ ಬೋಧನೆಯನ್ನು ಮುಂದುವರಿಸಿದರು. 1963ರಲ್ಲಿ ಯೆನ್ಸನ್, ವಿಗ್ನರ್ ಇವರೊಡನೆ ನೊಬೆಲ್ ಬಹುಮಾನಕ್ಕೆ ಪಾತ್ರರಾದರು. 1972ರ ಫೆಬ್ರವರಿ 20ರಂದು ದಿವಂಗತರಾದರು.

ಯೋಗ್ಯತೆಯಿದ್ದೂ 30 ವರ್ಷ ಕಾದ ಈ ವಿದುಷಿಯ ಚರಿತ್ರೆಯನ್ನು ತಾಯ್ತಂದೆಗಳು ಮನನ ಮಾಡಿ, ತಮ್ಮ ಹೆಣ್ಣುಮಕ್ಕಳಲ್ಲಿ ತೋರುವ ವಿದ್ಯಾಭಿರುಚಿಗೆ ಸಕಾಲದಲ್ಲಿ ಆಸರೆಯಾಗಲಿ.